ನೀರು ತುಂಬಿತು, ಹಕ್ಕಿಗಳು ಎಲ್ಲಿ?

ಕಳೆದ ಡಿಸೆಂಬರ್‌ನ ಒಂದು ಭಾನುವಾರ. ಬೆಳಿಗ್ಗೆ ಆರೂವರೆ ಗಂಟೆಗೆ ನಾನು ಮತ್ತು ನನ್ನ ಸಹಪಾಠಿ ನಮ್ಮ ಮನೆ ಹಿಂದಿನ ಕೆರೆ ಏರಿಯ ಮೇಲೆ ನಿಂತಿದ್ದೆವು. ವರ್ತೂರು ಹೋಬಳಿಯ ಸಣ್ಣ ಕೆರೆ ಅದು. ಎರಡು ವರ್ಷ ನಡೆದ ಅಭಿವೃದ್ಧಿ ಕೆಲಸ ಮುಗಿದಿತ್ತು. ಹೂಳು ತೆಗೆದಿದ್ದರು, ದಡಕ್ಕೆ ಕಲ್ಲು ಕಟ್ಟಿದ್ದರು, ಸುತ್ತಲೂ ವಾಕಿಂಗ್ ಪಾತ್ ಮಾಡಿ ದೀಪ ಹಾಕಿದ್ದರು. ಮಳೆ ಚೆನ್ನಾಗಿ ಬಂದು ಕೆರೆ ತುಂಬಿತ್ತು. ಒಂದು ಗಂಟೆ ಕಾದರೂ ಕಂಡಿದ್ದು ಕೆಲವು ನೀರುಕಾಗೆ, ಒಂದಷ್ಟು ನಾಮದ ಕೋಳಿ ಅಷ್ಟೇ. ಪಿಯುಸಿ ಓದುವಾಗ ಇದೇ ದಡದಲ್ಲಿ ಉದ್ದನೆಯ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಗದ್ದೆ ಗೊರವಗಳು, ಕೊಳದ ಬಕಗಳು ಸಾಲಾಗಿ ನಿಂತಿರುತ್ತಿದ್ದವು.

ಮನೆಗೆ ಬಂದು ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ನೀರು ತುಂಬ್ಕೊಂಡೈತಲ್ಲ, ಮತ್ಯಾಕೆ ಹಕ್ಕಿ ಬರ್ಲಿಲ್ಲ?’

ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿದ್ದ ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಅದು ನಮ್ಮ ಪಠ್ಯದಲ್ಲೇ ಇತ್ತು.

ನಮ್ಮ ಭಾಗದ ಕೆರೆಗಳ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ನೊರೆ ಮತ್ತು ಬೆಂಕಿ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. 2017 ಮತ್ತು 2018ರಲ್ಲಿ ಅಲ್ಲಿ ಬೆಂಕಿಯೇ ಹೊತ್ತಿಕೊಂಡಿತು. ಬೆಳ್ಳಂದೂರಿನ ನೀರು ಹರಿದು ಬರುವುದು ವರ್ತೂರು ಕೆರೆಗೆ, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ಹಾಗಾಗಿ ಒಂದರ ಕೊಳಚೆ ಇನ್ನೊಂದಕ್ಕೂ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯಪ್ರವೇಶಿಸಿ, 2018ರ ಡಿಸೆಂಬರ್‌ನಲ್ಲಿ 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ರಾಜ್ಯ ಸರ್ಕಾರಕ್ಕೆ ಸೂಚಿಸಿತು. ನಂತರ ಎರಡೂ ಕೆರೆಗಳಲ್ಲಿ ಹೂಳೆತ್ತುವ ಕೆಲಸ ಆರಂಭವಾಯಿತು. ಇದು ಆಗಲೇಬೇಕಿದ್ದ ಕೆಲಸ. ವಿಷಕಾರಿ ಹೂಳು ತುಂಬಿದ ಕೆರೆಯನ್ನು ಹಾಗೇ ಬಿಡಿ ಎಂದು ಯಾರೂ ಹೇಳುವುದಿಲ್ಲ. ಪ್ರಶ್ನೆ ಇರುವುದು ಹೂಳು ತೆಗೆದ ಮೇಲೆ ಕೆರೆಗೆ ಯಾವ ಆಕಾರ ಕೊಡುತ್ತೇವೆ ಎಂಬುದರಲ್ಲಿ.

ಹಳೆಯ ಕೆರೆ ಊಟದ ತಟ್ಟೆಯಂತೆ. ಏರಿಯ ಬಳಿ, ತೂಬಿನ ಹತ್ತಿರ ಆಳ ಇರುತ್ತದೆ. ನೀರು ಒಳಬರುವ ಕಡೆ ನೆಲ ನಿಧಾನವಾಗಿ ಮೇಲೇರುತ್ತಾ ಕೆಸರು, ಜೊಂಡು, ಆಮೇಲೆ ಹುಲ್ಲು ಆಗುತ್ತದೆ. ಈಗ ನಾವು ಮಾಡುತ್ತಿರುವುದು ಬೋಗುಣಿ: ಸುತ್ತಲೂ ಕಡಿದಾದ ದಡ, ಒಳಗೆ ಒಂದೇ ಆಳ.

ಒಂದು ಸಣ್ಣ ಲೆಕ್ಕ ಮಾಡೋಣ. ಮೆಟ್ಟುಗಾಲು ಹಕ್ಕಿಯಂಥವು ಈಜಿ ಮೇಯುವ ಹಕ್ಕಿಗಳಲ್ಲ, ನಿಂತು ಮೇಯುತ್ತವೆ. ಅವುಗಳಿಗೆ ಬೇಕಿರುವುದು ಸುಮಾರು ಒಂದು ಗೇಣು, ಅಂದರೆ 20 ಸೆಂಟಿಮೀಟರ್‌ಗಿಂತ ಕಡಿಮೆ ನೀರು. ದಡದ ಇಳಿಜಾರು ಒಂದು ಮೀಟರ್ ಆಳಕ್ಕೆ ಎರಡು ಮೀಟರ್ ಅಗಲ ಇದ್ದರೆ, ಈ ಒಂದು ಗೇಣು ನೀರು ಸಿಗುವುದು ಕೇವಲ 40 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ. ಇಳಿಜಾರನ್ನು ಒಂದಕ್ಕೆ ಇಪ್ಪತ್ತು ಮಾಡಿದರೆ ಅದೇ ಪಟ್ಟಿ ನಾಲ್ಕು ಮೀಟರ್ ಅಗಲವಾಗುತ್ತದೆ. ಒಂದು ಕಿಲೋಮೀಟರ್ ದಡಕ್ಕೆ ಲೆಕ್ಕ ಹಾಕಿದರೆ, ಮೊದಲನೆಯದರಲ್ಲಿ ಹಕ್ಕಿಗಳಿಗೆ ಸಿಗುವ ಜಾಗ 400 ಚದರ ಮೀಟರ್, ಎರಡನೆಯದರಲ್ಲಿ 4,000. ಕೆರೆ ಅದೇ, ನೀರೂ ಅದೇ. ಬದಲಾಗಿದ್ದು ಡ್ರಾಯಿಂಗ್ ಶೀಟ್‌ನ ಒಂದು ಗೆರೆ. ನೀರುಕಾಗೆ ಮುಳುಗಿ ಮೀನು ಹಿಡಿಯುವುದರಿಂದ ಅದಕ್ಕೆ ಆಳದ ತೊಂದರೆಯಿಲ್ಲ. ಅದಕ್ಕೇ ನಮ್ಮ ಕೆರೆಯಲ್ಲಿ ಅದು ಮಾತ್ರ ಉಳಿದಿತ್ತು. ಅಜ್ಜಿಯ ಪ್ರಶ್ನೆಗೆ ಉತ್ತರ ಇದು.

ನಾಲ್ಕು ಹಕ್ಕಿ ಬಾರದಿದ್ದರೆ ಏನಾಯಿತು ಎಂದು ಕೇಳಬಹುದು. 2023ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿ, 178 ಪ್ರಭೇದಗಳ ಬಗ್ಗೆ ತುರ್ತಾಗಿ ಗಮನ ಕೊಡಬೇಕು ಎಂದಿದೆ. ಹೆಚ್ಚು ಕುಸಿತ ಕಂಡವುಗಳಲ್ಲಿ ವಲಸೆ ಬರುವ ಬಾತುಗಳು ಮತ್ತು ಕೆಸರು ದಡದ ಹಕ್ಕಿಗಳೂ ಇವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಕಡಿಮೆಯಾಗುತ್ತಿದೆ. ಈ ವರದಿಗೆ ಮಾಹಿತಿ ಕೊಟ್ಟವರು ಬರೀ ವಿಜ್ಞಾನಿಗಳಲ್ಲ. ಇ-ಬರ್ಡ್ ಆ್ಯಪ್‌ನಲ್ಲಿ ತಾವು ಕಂಡಿದ್ದನ್ನು ಬರೆದಿಟ್ಟ ಸುಮಾರು 30,000 ಹವ್ಯಾಸಿಗಳು. ಅವರಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಇದ್ದಾರೆ.

ಇದೇ ಸಮಯದಲ್ಲಿ ಕಾನೂನು ಕೆರೆಯ ಅಂಚನ್ನು ಇನ್ನಷ್ಟು ಕಿರಿದು ಮಾಡುತ್ತಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಇರಬೇಕು ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ್ದರಿಂದ ನಗರದ ಮಾಸ್ಟರ್ ಪ್ಲಾನ್‌ನಲ್ಲಿದ್ದ 30 ಮೀಟರ್ ಮತ್ತೆ ಜಾರಿಗೆ ಬಂತು. ಈಗ ಅದನ್ನೂ ಬಿಟ್ಟು, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ವಲಯ ನಿಗದಿ ಮಾಡುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿಗೆ ನೀಡಿತು. ಸಣ್ಣ ಕೆರೆಗೆ ಸಣ್ಣ ವಲಯ. ಕೇಳಲು ನ್ಯಾಯ ಎನಿಸುತ್ತದೆ. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತ ಅಪಾರ್ಟ್‌ಮೆಂಟ್‌ಗಳ ನಡುವೆ ಉಳಿದಿರುವ ಅನೇಕ ಕೆರೆಗಳು ಸಣ್ಣವೇ. ಒತ್ತಡ ಹೆಚ್ಚಿರುವುದೂ ಅವುಗಳ ಮೇಲೆಯೇ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ನಮ್ಮ ಬೀದಿಯ ಹೆಂಗಸರಿಗೆ ನಿರ್ಭಯವಾಗಿ ನಡೆಯಲು ಇರುವ ಒಂದೇ ಜಾಗ ಆ ವಾಕಿಂಗ್ ಪಾತ್. ಜೊಂಡು ಬೆಳೆದರೆ ಸೊಳ್ಳೆ, ಹಾವು ಎಂಬ ಭಯ ಜನರಿಗಿದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಸಾಲು ನಿಂತವರಿಗೆ ಕೆರೆಯಲ್ಲಿ ಹೆಚ್ಚು ನೀರು ನಿಲ್ಲಬೇಕು ಎನಿಸುವುದು ಸಹಜ. ನಾನೂ ಆ ಸಾಲಿನಲ್ಲಿ ನಿಂತವನೇ. ಆದರೆ ಇವೆರಡೂ ಒಟ್ಟಿಗೆ ಸಾಧ್ಯ. ಏರಿಯ ಕಡೆ ಆಳ ಇರಲಿ, ನೀರು ಒಳಬರುವ ಕಡೆ ಇಳಿಜಾರು ನಿಧಾನವಾಗಿರಲಿ. ಮೂರು ಕಡೆ ನಡಿಗೆ ಪಥ ಇರಲಿ, ಒಂದು ಕಡೆ ಜೊಂಡು ಮತ್ತು ಕೆಸರು ಹಕ್ಕಿಗಳಿಗೆ ಉಳಿಯಲಿ. ಆ ಜೊಂಡು ಒಳಬರುವ ನೀರನ್ನು ಒಂದಿಷ್ಟು ಸೋಸುತ್ತದೆ ಕೂಡ.

ದಾಖಲೆಯಿದ್ದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆ ಪೀಣ್ಯದ ಆಚೆಗಿನ ಹೆಸರಘಟ್ಟ ಹುಲ್ಲುಗಾವಲು. ಮರಗಳಿಲ್ಲ ಎಂಬ ಕಾರಣಕ್ಕೆ ಅದನ್ನು ‘ಖಾಲಿ ಜಾಗ’ ಎಂದುಕೊಂಡವರೇ ಹೆಚ್ಚು. ಅಲ್ಲಿ ಫಿಲಂ ಸಿಟಿ ಮಾಡುವ ಮಾತೂ ಬಂದಿತ್ತು. ಹವ್ಯಾಸಿಗಳು ಮಾತ್ರ ವರ್ಷಗಳ ಕಾಲ ಅಲ್ಲಿನ ಹಕ್ಕಿಗಳನ್ನು ಪಟ್ಟಿ ಮಾಡುತ್ತಾ ಬಂದರು. ಮೀಸಲು ಪ್ರದೇಶದ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಿರಸ್ಕರಿಸಿತು. ವಿಷಯ ಹೈಕೋರ್ಟ್‌ಗೂ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲು ಒಪ್ಪಿತು.

ನಮ್ಮ ಪಕ್ಕದ ಊರಿನ ಕೆರೆಯಲ್ಲೂ ಈ ವರ್ಷ ಕೆಲಸ ಶುರುವಾಗಲಿದೆ. ಜನರ ಅಭಿಪ್ರಾಯ ಕೇಳಲು ಕರೆದಿದ್ದ ಸಭೆಗೆ ನಾವಿಬ್ಬರೂ ಹೋಗಿ ಇಳಿಜಾರಿನ ವಿಷಯ ಎತ್ತಿದೆವು. ‘ಅಲ್ಲಿ ಯಾವ ಹಕ್ಕಿ ಇದೆಯಪ್ಪಾ? ಏನಾದ್ರೂ ರೆಕಾರ್ಡ್ ಇದ್ಯಾ?’ ಎಂದರು ಒಬ್ಬ ಅಧಿಕಾರಿ. ನಮ್ಮ ಬಳಿ ಇರಲಿಲ್ಲ. ಸ್ವಂತ ಕೆರೆಯ ವಿಷಯದಲ್ಲೂ ಇದೇ ತಪ್ಪು ಮಾಡಿದ್ದೆವು. ವರ್ಷಗಟ್ಟಲೆ ನೋಡಿದ್ದೆವು, ಒಂದು ಸಾಲೂ ಬರೆದಿಟ್ಟಿರಲಿಲ್ಲ. ಈಗ ಪ್ರತಿ ಭಾನುವಾರ ಆ ಕೆರೆಗೆ ಹೋಗಿ ಎಣಿಸುತ್ತಿದ್ದೇವೆ. ಪಟ್ಟಿಯ ಜೊತೆಗೆ ದಡದ ಅಡ್ಡಕೊಯ್ತದ ಡ್ರಾಯಿಂಗ್ ಕೂಡ ಸಿದ್ಧವಾಗುತ್ತಿದೆ. ಟೆಂಡರ್ ಆಗುವ ಮೊದಲು ಎರಡನ್ನೂ ಕೊಡಬೇಕು. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ‘ರೆಕಾರ್ಡ್ ಇಲ್ಲ’ ಎಂದು ಮಾತ್ರ ಈ ಸಲ ಹೇಳುವಂತಿಲ್ಲ.

‘ಪ್ಲೇಸ್‌ಮೆಂಟ್ ಟೈಮಲ್ಲಿ ಇದೆಲ್ಲ ಬೇಕಾ?’ ಎಂದು ಸ್ನೇಹಿತರು ರೇಗಿಸುತ್ತಾರೆ. ಆ ಚಿಂತೆ ನನಗೂ ಇದೆ. ಆದರೆ ನಾಳೆ ಇಂಥ ಕೆರೆಗಳ ಡ್ರಾಯಿಂಗ್‌ಗೆ ಸಹಿ ಹಾಕುವವರು ಇಂದು ಬಿಇ ಓದುತ್ತಿರುವ ನಾವೇ ಅಲ್ಲವೇ? ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಭಾರತ 2013ರಿಂದ ಇದರಲ್ಲಿದೆ, ಕಾಲೇಜು ಕ್ಯಾಂಪಸ್‌ಗಳೂ ಸೇರಬಹುದು. ದುಬಾರಿ ಕ್ಯಾಮೆರಾ ಬೇಡ. ಹದಿನೈದು ನಿಮಿಷ ನಿಂತು, ಕಂಡಿದ್ದನ್ನು ಎಣಿಸಿ ಬರೆದರೆ ಅದೇ ಒಂದು ದಾಖಲೆ. ನಿಮ್ಮ ಪಿಜಿ ಹಿಂದೆ, ಕಂಪನಿಯ ಕಾಂಪೌಂಡ್ ಆಚೆ, ಬಸ್ ದಾರಿಯಲ್ಲಿ ಒಂದು ಕೆರೆ ಇದ್ದೇ ಇರುತ್ತದೆ. ಅಲ್ಲಿಗೆ ಜೆಸಿಬಿ ಬರುವ ಮೊದಲು ಒಂದು ಭಾನುವಾರ ಹೋಗಿ ಎಣಿಸಿ ಬನ್ನಿ.