ಟಿಕೆಟ್ಟಿನೊಳಗಿನ ವೈನ್: ಸುವರ್ಣ ರಥದಿಂದ ಹಡಗಿನವರೆಗೆ ‘ಉಚಿತ’ದ ಲೆಕ್ಕ

ಹಾಸನ: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ಪಟ್ಟಣಗಳ ಮುಖ್ಯರಸ್ತೆಯಲ್ಲಿ ನಡೆದರೆ ‘ವೈನ್ ಸ್ಟೋರ್ಸ್’ ಎಂಬ ಫಲಕ ಕಾಣದೆ ಇರದು. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಅಂಗಡಿಯವನು ಒಮ್ಮೆ ಮುಖ ನೋಡುತ್ತಾನೆ. ಬ್ರಾಂದಿ, ವಿಸ್ಕಿ, ರಮ್ಮು ತೊಂಬತ್ತು ಎಂಎಲ್‌ನ ಪ್ಯಾಕೆಟ್ಟಿನಿಂದ ಹಿಡಿದು ಪೂರ್ತಿ ಬಾಟಲಿಯವರೆಗೆ ಸಾಲುಗಟ್ಟಿ ನಿಂತಿರುತ್ತವೆ. ದ್ರಾಕ್ಷಿಯಿಂದ ಆದದ್ದೇನಾದರೂ ಇದ್ದರೆ ಮೂಲೆಯ ಒಂದೆರಡು ಬಾಟಲಿ, ಅದೂ ಬಹುತೇಕ ಸಿಹಿ ಪೋರ್ಟ್ ಮಾದರಿಯದು. ಹೀಗಾಗಿ ಈ ಭಾಗದ ಮಧ್ಯಮ ವರ್ಗ ನಿಜವಾದ ವೈನನ್ನು ಮೊದಲು ಕಾಣುವುದು ತನ್ನೂರಿನ ವೈನ್ ಸ್ಟೋರಿನಲ್ಲಲ್ಲ, ಪ್ರವಾಸದ ಪ್ಯಾಕೇಜಿನಲ್ಲಿ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿರುವ ಮಕ್ಕಳು ತಂದೆ–ತಾಯಿಯನ್ನು ಸಿಂಗಪುರದ ಹಡಗಿಗೋ, ಮುಂಬೈಯಿಂದ ಹೊರಡುವ ಹಡಗಿಗೋ ಹತ್ತಿಸುವ ಕಾಲವಿದು. ‘ಪಾನೀಯಗಳೆಲ್ಲ ಸೇರಿ’ ಎಂಬ ಒಂದು ಸಾಲು ಅಲ್ಲಿ ಎದುರಾಗುತ್ತದೆ. ಆ ಸಾಲಿನ ಹಿಂದಿನ ಲೆಕ್ಕವನ್ನು ಬಿಡಿಸಿ ನೋಡುವವರು ಕಡಿಮೆ.

ಹಾಸನದ ಮಟ್ಟಿಗೆ ಇಂಥ ಪ್ಯಾಕೇಜು ಹೊಸದೇನಲ್ಲ. 2008ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಭಾರತೀಯ ರೈಲ್ವೆಯೊಡನೆ ಸೇರಿ ಆರಂಭಿಸಿದ ‘ಸುವರ್ಣ ರಥ’ ಐಷಾರಾಮಿ ರೈಲು ಮೈಸೂರಿನಿಂದ ಹಾಸನಕ್ಕೆ ಬರುತ್ತಿತ್ತು. ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಹೊಳೆನರಸೀಪುರವನ್ನು ಹಾದು ಹಾಸನದಲ್ಲಿ ನಿಂತು, ಪ್ರವಾಸಿಗರನ್ನು ಬಸ್ಸಿನಲ್ಲಿ ಬೇಲೂರು, ಹಳೇಬೀಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಕರೆದೊಯ್ಯುತ್ತಿತ್ತು. ಬೋಗಿಗಳಿಗೆ ಕದಂಬ, ಹೊಯ್ಸಳ, ಗಂಗ, ಚಾಲುಕ್ಯ ಎಂದು ರಾಜವಂಶಗಳ ಹೆಸರು; ಬಾರಿಗೆ ‘ಮದಿರಾ’ ಎಂದು ಹೆಸರು. ಸರ್ವಸಂಗ ಪರಿತ್ಯಾಗಿಯಾಗಿ ನಿಂತ ಗೊಮ್ಮಟನ ಸನ್ನಿಧಿಗೆ ಹೋಗಿಬಂದವರು ಸಂಜೆ ‘ಮದಿರಾ’ದಲ್ಲಿ ಕುಳಿತುಕೊಳ್ಳುವ ಸೋಜಿಗವನ್ನು ಯಾರೂ ಅಷ್ಟಾಗಿ ಚರ್ಚಿಸಿದಂತಿಲ್ಲ.

ನಿಗಮಕ್ಕೆ ರಥ ಎಳೆಯುವುದು ಭಾರವಾಯಿತು. 2019ರ ನವೆಂಬರ್‌ನಲ್ಲಿ ನಿರ್ವಹಣೆಯ ಹೊಣೆಯನ್ನು ಐಆರ್‌ಸಿಟಿಸಿಗೆ ವಹಿಸುವ ಒಪ್ಪಂದವಾಯಿತು. 2024ರ ಡಿಸೆಂಬರ್‌ನಲ್ಲಿ ರೈಲು ಮತ್ತೆ ಹೊರಟಾಗ ಐದು ರಾತ್ರಿಗಳ ‘ಪ್ರೈಡ್ ಆಫ್ ಕರ್ನಾಟಕ’ ಪ್ರವಾಸಕ್ಕೆ ಪ್ರಕಟವಾದ ದರ ತಲೆಗೆ 4,00,530 ರೂ., ಅದರ ಮೇಲೆ ಶೇ 5ರಷ್ಟು ಜಿಎಸ್‌ಟಿ. ವಸತಿ, ಊಟ, ಸ್ಥಳವೀಕ್ಷಣೆಯೊಂದಿಗೆ ವೈನೂ ದರದಲ್ಲೇ ಸೇರಿದೆ ಎಂದು ಆಗ ಪ್ರಚಾರವಾಯಿತು. ಪಟ್ಟಿಯಲ್ಲಿ ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ ಇದ್ದವು. ಶ್ರವಣಬೆಳಗೊಳದ ಹೆಸರು ಇರಲಿಲ್ಲ.

ಈ ‘ಸೇರಿದ’ ವೈನಿನ ಬೆಲೆ ಎಷ್ಟು? ಬಾಟಲಿಗೆ ಒಂದು ಸಾವಿರ ರೂಪಾಯಿ ಎಂದೇ ಹಿಡಿಯೋಣ. 750 ಎಂಎಲ್‌ನ ಬಾಟಲಿಯಲ್ಲಿ 150 ಎಂಎಲ್‌ನ ಐದು ಲೋಟ. ಪ್ರಯಾಣಿಕನೊಬ್ಬ ಮಧ್ಯಾಹ್ನ ಎರಡು, ರಾತ್ರಿ ಎರಡು ಲೋಟದಂತೆ ಐದು ದಿನ ಕುಡಿದರೆ ಇಪ್ಪತ್ತು ಲೋಟ, ಅಂದರೆ ನಾಲ್ಕು ಬಾಟಲಿ, ನಾಲ್ಕು ಸಾವಿರ ರೂಪಾಯಿ. ನಾಲ್ಕು ಲಕ್ಷದ ಟಿಕೆಟ್ಟಿನಲ್ಲಿ ಇದು ಶೇ ಒಂದರಷ್ಟೂ ಇಲ್ಲ. ಕೊಟ್ಟ ಹಣ ವಸೂಲಾಗಲಿ ಎಂದು ಲೋಟ ಎಣಿಸುವವನು ಉಳಿಸುವುದಕ್ಕೆ ಏನೂ ಇಲ್ಲದ ಜಾಗದಲ್ಲಿ ಉಳಿತಾಯ ಹುಡುಕುತ್ತಿರುತ್ತಾನೆ. ಆದ್ದರಿಂದ ರೈಲಿನ ಮಟ್ಟಿಗೆ ಪ್ರಯಾಣಿಕ ಕೇಳಬೇಕಾದದ್ದು ‘ಎಷ್ಟು’ ಎಂದಲ್ಲ, ‘ಯಾವುದು’ ಎಂದು. ‘ಹೌಸ್ ವೈನ್’ ಎಂದರೆ ಸಂಸ್ಥೆ ಸಗಟಾಗಿ ಕೊಂಡು, ಬೇರೆ ಆಯ್ಕೆ ಸೂಚಿಸದ ಅತಿಥಿಗೆ ಸುರಿಯುವ ವೈನ್. ಅದು ಕೆಟ್ಟದ್ದೆಂದೇನೂ ಅರ್ಥವಲ್ಲ. ಆದರೆ ಆಯ್ಕೆ ಅತಿಥಿಯದಲ್ಲ, ಖರೀದಿ ವಿಭಾಗದ್ದು. ಬಾಟಲಿಯನ್ನು ತೋರಿಸಿ ಎಂದು ಕೇಳುವುದು ಅತಿಥಿಯ ಹಕ್ಕು. ಯಾವ ತೋಟದ್ದು, ಯಾವ ದ್ರಾಕ್ಷಿ, ಯಾವ ವರ್ಷದ್ದು ಎಂಬ ಮೂರೂ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಇರುತ್ತವೆ.

ಹಡಗಿನಲ್ಲಿ ಲೆಕ್ಕವೇ ಬೇರೆ

ಹಡಗಿನ ಪ್ಯಾಕೇಜು ಟಿಕೆಟ್ಟಿನಲ್ಲಿ ಕರಗಿದ್ದಲ್ಲ, ಮೇಲೆ ಕೊಳ್ಳುವಂಥದ್ದು. ದಿನಕ್ಕೆ ಇಷ್ಟು ಡಾಲರ್ ಎಂದು ದರ. ಪ್ರಯಾಣದ ಅಷ್ಟೂ ದಿನಕ್ಕೆ ಕೊಳ್ಳಬೇಕು. ಅದರ ಮೇಲೆ ಶೇ 18ರಿಂದ 20ರಷ್ಟು ಸೇವಾಶುಲ್ಕ. ಲೋಟವೊಂದಕ್ಕೆ ಬೆಲೆಯ ಮಿತಿ ಇರುತ್ತದೆ. ಮಿತಿ ದಾಟಿದ ವೈನ್ ಬೇಕೆಂದರೆ ಕೆಲವು ಕಂಪನಿಗಳು ವ್ಯತ್ಯಾಸವನ್ನಷ್ಟೇ ಪಡೆಯುತ್ತವೆ, ಕೆಲವು ಪೂರ್ತಿ ಬೆಲೆ ವಸೂಲು ಮಾಡುತ್ತವೆ. ಪೂರ್ತಿ ಬಾಟಲಿ ಸಾಮಾನ್ಯವಾಗಿ ಪ್ಯಾಕೇಜಿಗೆ ಹೊರಗು. ‘ಮಿತಿಯಿಲ್ಲ’ ಎಂಬ ಮಾತಿಗೂ ಮಿತಿಯುಂಟು: ಕಾರ್ನಿವಲ್ ಕಂಪನಿಯ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಮದ್ಯಪಾನೀಯಗಳೇ ಗಡಿ.

ಹಾಸನದ ಕುಟುಂಬಗಳಿಗೆ ತಟ್ಟುವ ಷರತ್ತು ಬೇರೊಂದಿದೆ. ದೊಡ್ಡ ಕಂಪನಿಗಳ ನಿಯಮದಂತೆ ಒಂದು ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಕ ಮದ್ಯದ ಪ್ಯಾಕೇಜು ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕು. ಒಬ್ಬರ ಲೋಟದಲ್ಲಿ ಇಬ್ಬರು ಕುಡಿಯಬಾರದೆಂಬುದು ಉದ್ದೇಶ. ಗಂಡ–ಹೆಂಡತಿ ಇಬ್ಬರೂ ಊಟಕ್ಕೆ ವೈನ್ ಕುಡಿಯುವ ದೇಶಗಳಲ್ಲಿ ಇದು ದೊಡ್ಡ ಹೊರೆಯಲ್ಲ. ಗಂಡಸು ಆಗೊಮ್ಮೆ ಈಗೊಮ್ಮೆ ಕುಡಿದು ಹೆಂಗಸರು ಮುಟ್ಟದಿರುವ ಚನ್ನರಾಯಪಟ್ಟಣದ ಮನೆಗೆ ಇದು ಇಮ್ಮಡಿ ದಂಡ.

ಉದಾಹರಣೆಗೆ ದಿನದ ದರ 70 ಡಾಲರ್, ಸೇವಾಶುಲ್ಕ ಶೇ 18 ಎಂದಿಟ್ಟುಕೊಂಡರೆ ತಲೆಗೆ 82 ಡಾಲರ್ 60 ಸೆಂಟ್. ಇಬ್ಬರಿಗೆ 165 ಡಾಲರ್ ದಾಟಿತು. ಪ್ಯಾಕೇಜಿಲ್ಲದೆ ಲೋಟದ ಲೆಕ್ಕದಲ್ಲಿ ಕೊಂಡರೆ 12 ಡಾಲರಿನ ವೈನಿಗೆ ಶುಲ್ಕ ಸೇರಿ ಸುಮಾರು 14 ಡಾಲರ್. ಅಂದರೆ ಕುಡಿಯುವವನು ಒಬ್ಬನೇ ಆದರೆ, ಕೊಟ್ಟ ಹಣ ಸರಿದೂಗಲು ಅವನು ದಿನಕ್ಕೆ ಹೆಚ್ಚುಕಡಿಮೆ ಹನ್ನೆರಡು ಲೋಟ ಕುಡಿಯಬೇಕು – ಎರಡು ಬಾಟಲಿಗಿಂತ ಹೆಚ್ಚು, ಪ್ರತಿದಿನ!

ವೈನ್ ಎಂದರೆ ಹಣ್ಣಿನ ರಸದಂತೆ, ಎಷ್ಟಾದರೂ ಕುಡಿಯಬಹುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿರುವುದರಿಂದ ಇದನ್ನು ಊರಿನ ಅಳತೆಯಲ್ಲೇ ಹೇಳುವುದು ಒಳಿತು. ಶೇ 13 ಮದ್ಯಸಾರವುಳ್ಳ ವೈನಿನ ಒಂದು ಲೋಟದಲ್ಲಿ 19.5 ಎಂಎಲ್ ಶುದ್ಧ ಮದ್ಯಸಾರ ಇರುತ್ತದೆ. ಶೇ 42.8ರ ವಿಸ್ಕಿಯ 180 ಎಂಎಲ್ ‘ಕ್ವಾರ್ಟರ್’ನಲ್ಲಿ ಇರುವುದು 77 ಎಂಎಲ್. ಆದ್ದರಿಂದ ನಾಲ್ಕು ಲೋಟ ವೈನ್ ಒಂದು ಕ್ವಾರ್ಟರಿಗೆ ಸಮ. ಹನ್ನೆರಡು ಲೋಟವೆಂದರೆ ಮೂರು ಕ್ವಾರ್ಟರ್. ಮನೆಯಲ್ಲಿ ಹಬ್ಬಕ್ಕೋ ನೆಂಟರಿಗೋ ಒಂದು ಲೋಟ ಹಿಡಿಯುವ ನಿವೃತ್ತ ಮೇಷ್ಟರಿಗೆ ಹಡಗಿನಲ್ಲಿ ಸಲ್ಲುವ ಅಳತೆ ಇದಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದನ್ನು ಒತ್ತಟ್ಟಿಗಿಟ್ಟರೂ, ಬರೀ ಹಣದ ದೃಷ್ಟಿಯಿಂದಲೇ ದಿನಕ್ಕೆ ಎರಡು–ಮೂರು ಲೋಟದವರು ಪ್ಯಾಕೇಜಿನ ತಂಟೆಗೆ ಹೋಗದೆ ಲೋಟದ ಲೆಕ್ಕದಲ್ಲಿ ಕೊಳ್ಳುವುದು ಅಗ್ಗ.

ಪ್ಯಾಕೇಜು ಕೊಂಡೇ ಆಗಿದ್ದರೆ? ಆಗ ಆಯ್ಕೆ ಮುಖ್ಯವಾಗುತ್ತದೆ. ಮಿತಿಯೊಳಗಿನ ಪಟ್ಟಿಯಲ್ಲಿ ಅತ್ಯಂತ ದುಬಾರಿಯದನ್ನೇ ಬೆರಳಿಟ್ಟು ತೋರಿಸುವುದು ಜಾಣತನವೆಂದು ಹಲವರು ತಿಳಿಯುತ್ತಾರೆ. ಲೋಟದ ಲೆಕ್ಕದಲ್ಲಿ ಮಾರುವ ವೈನಿನ ಗುಣ ನಿಂತಿರುವುದು ಬೆಲೆಗಿಂತ ಹೆಚ್ಚಾಗಿ ಬಾಟಲಿ ಎಂದು ತೆರೆಯಿತೆಂಬುದರ ಮೇಲೆ. ತೆರೆದ ಬಾಟಲಿಗೆ ಗಾಳಿ ತಾಗಿ ಎರಡು–ಮೂರು ದಿನದಲ್ಲಿ ರುಚಿ ಸಪ್ಪೆಯಾಗುತ್ತದೆ, ಹುಳಿ ಮುಂದೆ ಬರುತ್ತದೆ. ಹೆಚ್ಚು ಜನ ಕೇಳುವ ಸಾಧಾರಣ ವೈನ್ ಇಂದೇ ತೆರೆದದ್ದಾಗಿರುತ್ತದೆ. ಯಾರೂ ಕೇಳದ ದುಬಾರಿ ವೈನ್ ಮೊನ್ನೆಯದಿರಬಹುದು. ‘ಇದನ್ನು ಯಾವಾಗ ತೆರೆದಿರಿ’ ಎಂದು ಕೇಳಲು ಸಂಕೋಚ ಬೇಕಿಲ್ಲ.

ಇನ್ನು ಊಟ. ಖಾರಕ್ಕೂ ಕೆಂಪು ವೈನಿಗೂ ಅಷ್ಟಕ್ಕಷ್ಟೆ. ಮದ್ಯಸಾರ ಹೆಚ್ಚಿರುವ, ಒಗರು ಜಾಸ್ತಿಯಿರುವ ಕೆಂಪು ವೈನ್ ಮೆಣಸಿನಕಾಯಿಯ ಉರಿಯನ್ನು ಎಬ್ಬಿಸುತ್ತದೆ. ರಾಗಿಮುದ್ದೆ–ಕೋಳಿಸಾರಿನ ನಾಲಿಗೆಗೆ ತುಸು ಸಿಹಿ, ತುಸು ಹುಳಿಯಿರುವ ಬಿಳಿ ವೈನ್ ಒಗ್ಗುತ್ತದೆ. ಭಾರತದಲ್ಲೇ ಚೆನ್ನಾಗಿ ಬರುವ ಶೆನಿನ್ ಬ್ಲಾಂಕ್ ಅಂಥದ್ದು. ಕೆಂಪನ್ನು ‘ಕೊಠಡಿಯ ಉಷ್ಣತೆ’ಯಲ್ಲಿ ಕುಡಿಯಬೇಕೆಂಬ ಮಾತು ತಣ್ಣನೆಯ ಯುರೋಪಿನದು, ಅಲ್ಲಿನ ಕೊಠಡಿಯೆಂದರೆ 16–18 ಡಿಗ್ರಿ. ಹಾಸನದ ಏಪ್ರಿಲ್ ಸೆಕೆಯ ಕೊಠಡಿಗೆ ಅದು ಅನ್ವಯವಾಗದು; ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಅಪಚಾರವೇನೂ ಆಗುವುದಿಲ್ಲ.

ಫಲಕದಲ್ಲಿ ಮಾತ್ರ ಉಳಿದ ವೈನ್

ಇಷ್ಟೆಲ್ಲ ಪಾಠವನ್ನು ಜನ ನಡುಸಮುದ್ರದಲ್ಲಿ ದುಬಾರಿ ಶುಲ್ಕ ಕೊಟ್ಟು ಕಲಿಯುವ ಸ್ಥಿತಿ ಏಕೆ ಬಂತು? ಕರ್ನಾಟಕ ದ್ರಾಕ್ಷಿ ಬೆಳೆಯದ ನಾಡಲ್ಲ. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರಗಳಲ್ಲಿ ಬೆಳೆಯಿದೆ. ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಿದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟ 1988ರಿಂದ ಇದೆ. ಹಂಪಿಯ ಬಳಿ ಕೃಷ್ಮಾ ಇದೆ. ಚನ್ನಪಟ್ಟಣದ ಬಳಿ ಸುಲಾ ಸಂಸ್ಥೆಯ ಘಟಕವಿದೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು, ರಾಜ್ಯದೊಳಗೆ ತಯಾರಾದ ವೈನಿಗೆ ತೆರಿಗೆ ರಿಯಾಯಿತಿ ನೀಡಿ, ವೈನ್ ಮಂಡಳಿಯನ್ನೂ ರಚಿಸಿತು. ಅದೇ ವರ್ಷದ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಒಂದು ಕೈಯಲ್ಲಿ ಸಾರಾಯಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ವೈನ್ ಕೊಟ್ಟರೆ ಕುಡಿತದ ಸ್ವರೂಪ ಬದಲಾದೀತೆಂದು ಎಣಿಸಿದವರಿದ್ದರು.

ಸಾರಾಯಿ ಬಿಟ್ಟವರು ವೈನಿಗೆ ಬರಲಿಲ್ಲ, ಅಗ್ಗದ ವಿಸ್ಕಿಗೆ ಬಂದರು. ಕಾರಣ ಗುಟ್ಟೇನಲ್ಲ. ಸಿಎಲ್–2 ಸನ್ನದುದಾರ ಪಾನೀಯ ನಿಗಮದಿಂದ ಮಾಲು ಎತ್ತುವಾಗ ದಿನಕ್ಕೆ ನೂರಾರು ಖರ್ಚಾಗುವ ಪ್ಯಾಕೆಟ್ಟಿಗೆ ಹಣ ಹೂಡುತ್ತಾನೆಯೇ ಹೊರತು ತಿಂಗಳುಗಟ್ಟಲೆ ಕೂರುವ ವೈನ್ ಬಾಟಲಿಗಲ್ಲ. ಮಾರಾಟವಿಲ್ಲದೆ ನಿಂತ ಬಾಟಲಿಯ ಕಾರ್ಕ್ ಒಣಗುತ್ತದೆ, ವೈನ್ ಕೆಡುತ್ತದೆ. ಒಮ್ಮೆ ಅಂಥದನ್ನು ಕುಡಿದವನು ಮತ್ತೆ ಕೇಳುವುದಿಲ್ಲ. ಕೇಳುವವರಿಲ್ಲವೆಂದು ಅಂಗಡಿಯವನು ತರಿಸುವುದಿಲ್ಲ. ಸರ್ಕಾರದ ಕಣ್ಣೂ ಪ್ಯಾಕೆಟ್ಟಿನ ಮೇಲೆಯೇ. 2024–25ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 38,525 ಕೋಟಿ ರೂ., 2025–26ರಲ್ಲಿ 40,000 ಕೋಟಿ ರೂ. ಆಗಿತ್ತು. ಈ ಮೊತ್ತವನ್ನು ತುಂಬಿಕೊಡುವುದು ರಿಯಾಯಿತಿ ಪಡೆದ ವೈನ್ ಅಲ್ಲ. ಬೊಕ್ಕಸಕ್ಕೆ ಬೇಡವಾದ ಸರಕನ್ನು ಅಂಗಡಿಯಲ್ಲಿ ಇಡಿಸಲು ಯಾವ ಅಬಕಾರಿ ಅಧಿಕಾರಿ ತಾನೇ ಮುತುವರ್ಜಿ ವಹಿಸಿಯಾನು?

ಇಂಥಲ್ಲಿ ಸುವರ್ಣ ರಥದ ‘ಹೌಸ್ ವೈನ್’ ಬರೀ ಆತಿಥ್ಯದ ವಿಷಯವಾಗಿ ಉಳಿಯುವುದಿಲ್ಲ. ರಥದ ಕಲ್ಪನೆ ರಾಜ್ಯದ್ದು, ಬೋಗಿಗಳ ಹೆಸರು ರಾಜ್ಯದ ಚರಿತ್ರೆಯದು. ಅದರ ಊಟದ ಮೇಜಿಗೆ ಬರುವ ವೈನ್ ನಂದಿಯದೋ ಹಂಪಿಯದೋ ಆಗಿರಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿದರೆ ಟಿಕೆಟ್ಟಿನ ಶೇ ಒಂದರೊಳಗೆ ಆಗಿಹೋಗುವ ಕೆಲಸ ಅದು. ಎಂಬತ್ತು ಪ್ರಯಾಣಿಕರ ರೈಲಿನಿಂದ ರೈತನ ಬದುಕು ಹಸನಾಗದು, ನಿಜ. ಆದರೆ ವಿದೇಶಿ ಅತಿಥಿಯೊಬ್ಬ ಹೊಯ್ಸಳರ ಶಿಲ್ಪ ಕಂಡ ಸಂಜೆ ಕರ್ನಾಟಕದ ತೋಟದ ಹೆಸರನ್ನೂ ಓದಿಕೊಂಡು ಹೋದರೆ ಮಂಡಳಿಯ ಹತ್ತು ಉತ್ಸವಗಳು ಮಾಡದ ಪ್ರಚಾರವಾದೀತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಅಂಥ ಅತಿಥಿ ಬರುವ ಸಂಭವವೂ ಹೆಚ್ಚಿದೆ.

ಎಲ್ಲವೂ ಸೇರಿದ ಪ್ಯಾಕೇಜು ಊರಿಗೆ ಬಿಟ್ಟುಹೋಗುವುದು ಕಡಿಮೆ ಎಂಬುದನ್ನು ಹಾಸನ ಆಗಲೇ ಕಂಡಿದೆ. ಊಟ, ಪಾನೀಯ, ನಿದ್ರೆಯ ಬಹುಪಾಲನ್ನು ರೈಲಿನಲ್ಲೇ ಮುಗಿಸುವ ಅತಿಥಿಯಿಂದ ಊರಿಗೆ ಸಿಕ್ಕುವುದು ಬಸ್ಸಿನ ಬಾಡಿಗೆ, ಗೈಡಿನ ಕೂಲಿ, ದೇವಸ್ಥಾನದ ಮುಂದಿನ ಒಂದಿಷ್ಟು ವ್ಯಾಪಾರ. ನವಮಂಗಳೂರು ಬಂದರಿಗೆ ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗುಗಳ ಕತೆಯೂ ಬಹುಮಟ್ಟಿಗೆ ಇದೇ.

ಹಡಗು ಹತ್ತುವವರಿಗೆ ಇನ್ನೊಂದು ದಾರಿಯಿದೆ, ಅದನ್ನು ಏಜೆಂಟರು ಮುಂದಾಗಿ ಹೇಳುವುದಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ಕಂಪನಿಗಳು ಹೊರಡುವ ದಿನ ಪ್ರತಿ ವಯಸ್ಕ ಪ್ರಯಾಣಿಕನಿಗೆ 750 ಎಂಎಲ್‌ನ ಒಂದು ಬಾಟಲಿ ವೈನ್ ಜತೆಗೆ ತರಲು ಅವಕಾಶ ಕೊಡುತ್ತವೆ. ಊಟದ ಸಭಾಂಗಣದಲ್ಲಿ ತೆರೆಸಿದರೆ ಕಾರ್ಕ್ ಶುಲ್ಕ, ಕ್ಯಾಬಿನ್ನಿನಲ್ಲಿ ಕುಡಿದರೆ ಶುಲ್ಕವಿಲ್ಲ. ಗಂಡ–ಹೆಂಡತಿ ಇಬ್ಬರ ಪಾಲಿಗೆ ಎರಡು ಬಾಟಲಿ, ಹತ್ತು ಲೋಟ. ಮಿತವಾಗಿ ಕುಡಿಯುವವರಿಗೆ ನಾಲ್ಕು ದಿನದ ಪ್ರವಾಸಕ್ಕೆ ಅದು ಧಾರಾಳ. ಆದರೆ ಅರಕಲಗೂಡಿನವರು ಆ ಎರಡು ಬಾಟಲಿಯನ್ನು ಮನೆ ಮುಂದಿನ ವೈನ್ ಸ್ಟೋರಿನಲ್ಲಿ ಕೊಳ್ಳುವ ಆಸೆ ಬಿಟ್ಟು, ವಿಮಾನ ಹಿಡಿಯುವ ಮುನ್ನ ಬೆಂಗಳೂರಿನಲ್ಲೇ ಕೊಂಡುಕೊಳ್ಳಬೇಕಾದೀತು.