ಗ್ಯಾರಂಟಿ ಚೀಟಿಯ ಬೆಲೆ

ಕಾರ್ಯದರ್ಶಿಯಾದ ನಾನೇ ಆರಿಸಿ ತರಿಸಿದ ಸ್ಪ್ರೇಯರ್ ಕಳೆದ ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆಯ ನಡುವೆಯೇ ಕೆಟ್ಟಿತು. ಗ್ಯಾರಂಟಿ ಮುಗಿದಿರಲಿಲ್ಲ, ಬಿಡಿಭಾಗ ಬರುವಷ್ಟರಲ್ಲಿ ಕೊಳೆರೋಗ ಬಂದಾಗಿತ್ತು. ಅಮೆರಿಕದಲ್ಲಿ ಬಂದೂಕಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ಯಂತ್ರ ತಯಾರಿಸುವ ಡಿಲನ್ ಕಂಪನಿಯು, ಹವ್ಯಾಸಿಗಳಿಗೆ ಮಾರುವ ಬಹುತೇಕ ಯಂತ್ರಗಳಿಗೆ, ಕೈ ಬದಲಾದರೂ, ಆಜೀವ ಗ್ಯಾರಂಟಿ ಕೊಡುತ್ತದೆ. ಬೆಳೆ ಉಳಿಸುವ ಯಂತ್ರಕ್ಕೆ ಅಷ್ಟೂ ಬೇಡವೇ?

ಅಥಣಿಯಲ್ಲಿ ಕಬ್ಬು ಬೆಳೆಯುವ ನಮ್ಮ ಬೀಗರ ಪಂಪ್‌ಸೆಟ್ಟಿನದೂ ಇದೇ ಕಥೆ. ಮಾರಿದವರು ಪುಣೆಯವರೆಂದು ಅವರು ಸುಮ್ಮನಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವಾಸದ ಜಿಲ್ಲೆಯಲ್ಲೇ, 2 ವರ್ಷದೊಳಗೆ ದೂರು ಕೊಡಬಹುದು. ಅವರಿಗೆ ಬೆಳಗಾವಿ ಸಾಕು. ಬಿಲ್ಲು ಕೈಲಿರಬೇಕು. (ನಮ್ಮವರು ಅದನ್ನೇ ಮೊದಲು ಕಳೆಯುವುದು!) ಬಿಡಿಭಾಗ ಎಷ್ಟು ದಿನದಲ್ಲಿ ಕೊಡುವರೆಂದು ಬರಹದಲ್ಲಿ ಪಡೆಯದೆ ಸಂಘವು ಇನ್ನು ಯಂತ್ರ ಕೊಳ್ಳಕೂಡದು. ಮಹಾಸಭೆಯಲ್ಲಿ ಚರ್ಚೆಯಾಗಲಿ.