ಕತ್ತರಿಸುವ ಮುನ್ನ

ಚಿತ್ರವೊಂದರಿಂದ ಬೇಕಾದ ಭಾಗವನ್ನು ಬೇರ್ಪಡಿಸುವುದು ಈ ಕಾಲದಲ್ಲಿ ಬಲು ಸುಲಭವಾಗಿದೆ. ಗುಂಡಿಯೊತ್ತಿದರೆ ಹಿನ್ನೆಲೆ ಮಾಯವಾಗುತ್ತದೆ. ಆದರೆ ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನವನ್ನು ಯಂತ್ರಕ್ಕೊಪ್ಪಿಸಿ ಕೈತೊಳೆದುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಕಳೆದ ವರ್ಷ ಹದಿನಾರಿನ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಅವರೊಬ್ಬರದೇ ಪಟವಿರಲಿಲ್ಲ. ಚಿಕ್ಕಪ್ಪನ ಮದುವೆಯ ಗುಂಪುಚಿತ್ರದಿಂದ ಅವರನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಹಿಡಿದದ್ದು, ಫೋಟೋಶಾಪಿನಲ್ಲಿ ಮ್ಯಾಜಿಕ್ ವ್ಯಾಂಡ್ ಎಂದೂ ಜಿಂಪಿನಲ್ಲಿ ಫಜಿ ಸೆಲೆಕ್ಟ್ ಎಂದೂ ಕರೆಯುವ ಸಾಧನ. ಅಜ್ಜಿ ಯಾರು, ಗೋಡೆ ಯಾವುದು ಎಂಬುದು ಅದಕ್ಕೆ ತಿಳಿಯದು. ಮುಟ್ಟಿದ ಬಿಂದುವಿನ ಬಣ್ಣವನ್ನು ಹೋಲುವ ನೆರೆಯ ಬಿಂದುಗಳನ್ನು ಕೂಡಿಸುತ್ತ ಹೋಗುವುದಷ್ಟೇ ಅದರ ಕೆಲಸ. ಎಷ್ಟು ಹೋಲಿದರೆ ಸಾಕೆಂಬುದನ್ನು 0ಯಿಂದ 255ರವರೆಗಿನ ಒಂದು ಅಂಕಿಯಿಂದ ನಾವೇ ಹೇಳಬೇಕು. ಅಂಕಿ ಹೆಚ್ಚಿಸಿದೆ, ಸುಣ್ಣದ ಗೋಡೆಯೊಡನೆ ಅಜ್ಜಿಯ ನರೆಗೂದಲೂ ಹೋಯಿತು. ತಗ್ಗಿಸಿದೆ, ಗೋಡೆಯ ಚೂರುಗಳು ತಲೆಯ ಸುತ್ತ ಉಳಿದವು.

ಕೊನೆಗೆ ಲ್ಯಾಸೋ ಹಿಡಿದು ಅಂಚನ್ನು ಕೈಯಿಂದಲೇ ಸುತ್ತಿದೆ. ಕೂದಲಿರುವೆಡೆ ಫೆದರಿನಿಂದ ಅಂಚನ್ನು ಮೆದುಗೊಳಿಸಿದೆ. ಸೀರೆಯ ಅಂಚನ್ನು ಖಚಿತವಾಗಿಯೇ ಉಳಿಸಿದೆ. ಹೀಗೆ ಎರಡು ಗಂಟೆ ಕುಳಿತಿರುವಾಗ, ಅಜ್ಜಿಯ ಹೆಗಲ ಮೇಲೆ ಒಂದು ಕೈ ಇರುವುದು ಕಂಡಿತು. ಪಕ್ಕದಲ್ಲಿ ನಿಂತಿದ್ದ ತಾತನ ಕೈ ಅದು. ಒಬ್ಬರ ಪಟದಲ್ಲಿ ಮತ್ತೊಬ್ಬರ ಕೈ ಉಳಿಯಬಾರದೆಂಬುದು ರೂಢಿ. ತೆಗೆಯಬೇಕೆ, ಬಿಡಬೇಕೆ? ಯಾವ ಸಾಧನವೂ ಇದಕ್ಕೆ ಉತ್ತರ ಹೇಳಲಾರದು. ತಂದೆಯವರನ್ನು ಕೇಳಿದೆ. ಅವರು ಬಹಳ ಹೊತ್ತು ನೋಡಿ, "ಇರಲಿ" ಎಂದರು. ಆ ಕೈ ಪಟದಲ್ಲಿ ಇಂದಿಗೂ ಇದೆ.

ಎಲ್ಲಕ್ಕೂ ಇಷ್ಟು ಹೊತ್ತು ಕಳೆಯಲಾದೀತೆ ಎಂದು ಮಿತ್ರರು ಕೇಳಬಹುದು. ಬೇಕಾಗಿಲ್ಲ. ಬರಿಯ ನೀಲಿ ಆಕಾಶವನ್ನು ಬಿಡಿಸಲು ಮ್ಯಾಜಿಕ್ ವ್ಯಾಂಡೇ ಸಾಕು. ಅಲ್ಲಿ ಲ್ಯಾಸೋ ಹಿಡಿಯುವುದು ವ್ಯರ್ಥ ಶ್ರಮ. ಮನುಷ್ಯರ ಅಂಚಿಗೆ ಬಂದಾಗ ಮಾತ್ರ ಕೈ ನಿಧಾನವಾಗಲಿ. ಬೇಡವಾದುದನ್ನು ಅಳಿಸಿಬಿಡದೆ ಮಾಸ್ಕಿನ ಹಿಂದೆ ಮರೆಮಾಡಿದರೆ, ನಾಳೆ ತಪ್ಪೆನಿಸಿದಾಗ ಮರಳಿ ತರಬಹುದು. ಮೂಲಚಿತ್ರವನ್ನಂತೂ ಬೇರೆಯಾಗಿಯೇ ಕಾಪಾಡಬೇಕು.

ಈ ವಿದ್ಯೆಗೆ ಹಣದ ಅಡ್ಡಿಯೂ ಇಲ್ಲ. ಜಿಂಪ್ 1996ರಿಂದ ಉಚಿತವಾಗಿ ದೊರೆಯುತ್ತಿದೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಅಜ್ಜ ಅಜ್ಜಿಯರ ಮುಖಗಳು ಉಳಿದಿರುವುದು ಬಹುಪಾಲು ಇಂತಹ ಗುಂಪುಚಿತ್ರಗಳಲ್ಲಿಯೇ. ಅವುಗಳನ್ನು ಬಿಡಿಸುವ ಕೆಲಸ ಇನ್ನು ಮುಂದೆ ನಮ್ಮಂತಹ ವಿದ್ಯಾರ್ಥಿಗಳ ಪಾಲಿಗೇ ಬರುತ್ತದೆ. ಗುಂಡಿಯೊತ್ತುವ ಮೊದಲು ಆ ಚಿತ್ರವನ್ನು ಒಮ್ಮೆ ಚೆನ್ನಾಗಿ ನೋಡೋಣ.